ಟಿನ್ನಿನೊಳಗೆ ಎಂತ ಉಂಟು?

ಎಡಗೈ ಹೆಬ್ಬೆರಳಿಗೆ ಬಟ್ಟೆ ಸುತ್ತಿಕೊಂಡು, ಒಂದೇ ಕೈಯಲ್ಲಿ ಇದನ್ನು ಬರೆಯುತ್ತಿದ್ದೇನೆ. ಕಾರಣ ಒಂದು ಟಿನ್. ಅದರೊಳಗೆ ಮೀನಾದರೂ ಇದ್ದಿದ್ದರೆ ಗಾಯಕ್ಕೊಂದು ಮರ್ಯಾದೆ ಇರುತ್ತಿತ್ತು. ಇದ್ದದ್ದು ಕಾಬೂಲಿ ಕಡಲೆ.

ಜೂನ್ 1ರಿಂದ ಜುಲೈ 31ರವರೆಗೆ, ಒಟ್ಟು 61 ದಿನ, ಯಾಂತ್ರಿಕ ಬೋಟ್‌ಗಳು ಕಡಲಿಗೆ ಇಳಿಯುವ ಹಾಗಿಲ್ಲ ಎನ್ನುವುದು ನಿಮಗೂ ಗೊತ್ತುಂಟಲ್ಲ. ಆಗ ಮಂಗಳೂರಿನ ದಕ್ಕೆಯಲ್ಲಿ ಬೋಟ್‌ಗಳು ಮದುವೆ ಊಟದ ಪಂಕ್ತಿಯ ಹಾಗೆ ಒಂದಕ್ಕೊಂದು ಒತ್ತಿಕೊಂಡು ನಿಂತಿರುತ್ತವೆ. ಅದರಲ್ಲಿ ನನ್ನ ಭಾವನ ಬೋಟ್ ದಡದಿಂದ ಆರನೆಯದು. ಕಾವಲಿಗಿದ್ದ ಹುಡುಗ ತಂಗಿಯ ಮದುವೆ ಅಂತ ಊರಿಗೆ ಹೋದ. ಭಾವನ ಕಣ್ಣು ನನ್ನ ಮೇಲೆ ಬಿತ್ತು.

"ನಿನ್ನ ರೂಮ್ ಹೇಗೂ ಸೋರ್ತದೆ. ಒಂದು ತಿಂಗಳು ಬೋಟಲ್ಲಿ ಮಲಗು. ಬೋಟ್ ಸೋರುವುದಿಲ್ಲ."

ಇದು ಸುಳ್ಳು ಅಂತ ಮೊದಲ ರಾತ್ರಿಯೇ ಗೊತ್ತಾಯಿತು.

ಊಟದ ಚಿಂತೆಯೂ ಬೇಡ ಎಂದಿದ್ದರು ಭಾವ. ಗಲ್ಫಿನಿಂದ ಬಂದ ಅವರ ತಮ್ಮ ಎರಡು ರಟ್ಟಿನ ಪೆಟ್ಟಿಗೆ ತುಂಬ ಟಿನ್ ತಂದಿದ್ದರಂತೆ. ಮನೆಯಲ್ಲಿ ಯಾರೂ ಮುಟ್ಟಲಿಲ್ಲ. ಅಕ್ಕನಂತೂ ಟೊಮೇಟೊ ಸಾಸಿನಲ್ಲಿ ಮುಳುಗಿದ ಬೂತಾಯಿ ಮೀನನ್ನು ಒಮ್ಮೆ ನೋಡಿ, "ಪಾಪ, ಇದಕ್ಕೆ ಯಾರೂ ಇಲ್ವಾ?" ಎಂದು ಮುಚ್ಚಿಟ್ಟಳಂತೆ. ಹಾಗೆ ಅನಾಥವಾದ ಟಿನ್‌ಗಳೆಲ್ಲ ಬೋಟಿಗೆ ಬಂದವು. ಕ್ಯಾಬಿನ್‌ನಲ್ಲಿ ಜಾಗ ಇಲ್ಲ ಎಂದು ನಾನು ಬುದ್ಧಿವಂತನ ಹಾಗೆ ಹಲಗೆ ಎತ್ತಿ ಕೆಳಗೆ ಜೋಡಿಸಿಟ್ಟೆ.

ನಾಲ್ಕನೇ ರಾತ್ರಿ ಜೋರು ಮಳೆ. ಕೆಳಗೆ ತುಂಬಿದ ನೀರನ್ನು ಎಳೆದು ಹೊರಗೆ ಹಾಕಬೇಕಾದ ಪಂಪ್ ಎರಡು ಗಂಟೆಗೆ ಕೆಮ್ಮಿ, ಉಸಿರು ಕಟ್ಟಿ, ನಿಂತಿತು. ಟಾರ್ಚ್ ಬಾಯಲ್ಲಿ ಕಚ್ಚಿಕೊಂಡು, ಡೀಸೆಲ್ ವಾಸನೆಯ ನೀರಿಗೆ ಮೊಣಕೈವರೆಗೆ ಕೈ ಹಾಕಿ ಎಳೆದರೆ ಮುದ್ದೆ ಮುದ್ದೆ ಕಾಗದ ಬಂತು. ಒಂದು ಚೂರಿನಲ್ಲಿ ಅರ್ಧ ಬಂಗುಡೆ. ಇನ್ನೊಂದರಲ್ಲಿ ಯಾವುದೋ ಕೋಳಿಯ ಜುಟ್ಟು. ಟಿನ್‌ಗಳ ಮೇಲಿನ ಚೀಟಿಗಳೆಲ್ಲ ನೆನೆದು, ಬಿಟ್ಟು, ಪಂಪಿನ ಗಂಟಲಿಗೆ ಸಿಕ್ಕಿಕೊಂಡಿದ್ದವು. ಹೊರದೇಶಗಳಲ್ಲಿ ಬೋಟಿನಲ್ಲೇ ಸಂಸಾರ ಮಾಡುವವರು ಟಿನ್ ಒಳಗಿಡುವ ಮೊದಲೇ ಚೀಟಿ ಕಿತ್ತು, ಮೇಲೆ ಪೆನ್ನಿನಲ್ಲಿ ಹೆಸರು ಬರೆಯುತ್ತಾರಂತೆ. ಇದು ನನಗೆ ಗೊತ್ತಾದದ್ದು ಮಾರನೇ ದಿನ. ಬುದ್ಧಿ ಯಾವಾಗಲೂ ಕೊನೆಯ ಬಸ್ಸಿಗೇ ಬರುವುದು.

ಈಗ ನನ್ನ ಹತ್ತಿರ ಹೊಳೆಯುವ, ಹೆಸರಿಲ್ಲದ ಟಿನ್‌ಗಳು. ಚಪ್ಪಟೆಯಾದವು ಟ್ಯೂನಾ ಅಂತ ತಿಳಿಯುತ್ತದೆ, ಅವನ್ನು ಮೊದಲ ವಾರವೇ ಮುಗಿಸಿದೆ. ಉಳಿದವೆಲ್ಲ ಒಂದೇ ಎತ್ತರ, ಒಂದೇ ಸುತ್ತಳತೆ. ಬೂತಾಯಿ, ಬಂಗುಡೆ, ಕೋಳಿ ಸಾಸೇಜ್, ಕಡಲೆ, ಅನಾನಸು, ಯಾವುದೂ ಇರಬಹುದು. ತಳದಲ್ಲಿ ಕೆಲವು ಅಕ್ಷರ ಒತ್ತಿದ್ದಾರೆ. ಅದು ಕಂಪೆನಿಯವರಿಗೂ ದೇವರಿಗೂ ಮಾತ್ರ ಅರ್ಥ ಆಗುವುದು.

ಇಲ್ಲಿ ಪ್ರವೇಶ ಶೀನಣ್ಣನದು. ಪಕ್ಕದ ಬೋಟಿನ ಕಾವಲುಗಾರ, ಮನೆ ಆಚೆ ದಡದ ಬೆಂಗ್ರೆಯಲ್ಲಿ. ನಲವತ್ತು ವರ್ಷ ಕಡಲಿಗೆ ಹೋದವರು. ಮೀನಿನ ಕಿವಿರು ಎತ್ತಿ ನೋಡಿ ಅದು ಯಾವ ದಿನದ್ದು ಎಂದು ಹೇಳಬಲ್ಲವರು. ಟಿನ್ನಿಗೆ ಕಿವಿರು ಇಲ್ಲವಲ್ಲ, ಆದ್ದರಿಂದ ಶೀನಣ್ಣ ತಮ್ಮ ಕಿವಿಯನ್ನೇ ಬಳಸುತ್ತಾರೆ. ಟಿನ್ ಎತ್ತಿಕೊಳ್ಳುವುದು. ಮುಂಡಿನ ತುದಿಯಲ್ಲಿ ಒರೆಸುವುದು. ಕಣ್ಣು ಮುಚ್ಚಿ ಬಲಗಿವಿಯ ಹತ್ತಿರ ಹಿಡಿದು ಮೂರು ಸಲ ಅಲ್ಲಾಡಿಸುವುದು. ಆಗ ನಾನು ಮಾತಾಡಬಾರದು. ಬೆಂಗ್ರೆಯ ಫೆರಿ ಹಾದುಹೋದರೆ ಅದರ ಸದ್ದು ಅಡಗುವವರೆಗೆ ಕಾದು, ಮತ್ತೆ ಮೂರು ಸಲ. ಆಮೇಲೆ ತೀರ್ಪು:

"ಇದು ಬಂಗುಡೆ. ಬಂಗುಡೆಗೆ ಒಂದು ಶಬ್ದ ಉಂಟು ಮಾರಾಯ್ರೆ."

ಆ ಶಬ್ದ ಇದುವರೆಗೆ ಒಮ್ಮೆ ಮಾತ್ರ ನಿಜವಾಗಿದೆ. ಅದೂ ಬಂಗುಡೆಯಲ್ಲ, ಬೂತಾಯಿ. "ಎರಡೂ ಮೀನೇ ಅಲ್ವಾ," ಎಂದು ಅದನ್ನು ತಮ್ಮ ಲೆಕ್ಕಕ್ಕೆ ಬರೆದುಕೊಂಡರು. ಮೀನು ತಪ್ಪಿದರೆ ತಪ್ಪು ಅವರದಲ್ಲ. "ಹೊರಗಿನವರು ಮೋಸ ಮಾಡಿದ್ದು." ಸಾಸೇಜ್ ಹೊರಬಿದ್ದ ದಿನ ಟಿನ್ನನ್ನೇ ಬೈದರು, ಅದು ಮೀನಿನ ಹಾಗೆ ನಟಿಸಿತಂತೆ.

ಕಳೆದ ಭಾನುವಾರ ಬೆಂಗ್ರೆಯಿಂದ ಅವರ ಹೆಂಡತಿ ಫೆರಿಯಲ್ಲಿ ಬರುವವರ ಕೈಯಲ್ಲಿ ಸ್ಟೀಲ್ ಡಬ್ಬಿ ಕಳಿಸಿದ್ದರು. ಕಲ್ಲಿನಲ್ಲಿ ಅರೆದ ಪುಳಿಮುಂಚಿ ಮಸಾಲೆ. ಮುಚ್ಚಳ ತೆಗೆದರೆ ಮೂರು ಬೋಟ್ ಆಚೆಯ ನಾಯಿಯೂ ಎದ್ದು ಕೂತಿತು. ಮಸಾಲೆ ಕುದಿಯುತ್ತಿತ್ತು, ಕುಚ್ಚಲಕ್ಕಿ ಅನ್ನ ತಯಾರು. ಶೀನಣ್ಣ ಅಲ್ಲಾಡಿಸಿದರು, ಕಣ್ಣು ಮುಚ್ಚಿದರು, ಬಂಗುಡೆ ಎಂದರು. ನಾನು ತೆರೆದು ಸೀದಾ ಬೋಗುಣಿಗೆ ಸುರಿದೆ. ನೋಡಿ ಸುರಿಯಬೇಕಿತ್ತು. ಹಳದಿ ಬಳೆಗಳು ಒಂದೊಂದೇ ಕೆಂಪು ಮಸಾಲೆಗೆ ಇಳಿದವು. ಅನಾನಸು, ಸಕ್ಕರೆ ಪಾಕದ ಸಮೇತ.

ಇಬ್ಬರೂ ಸ್ವಲ್ಪ ಹೊತ್ತು ಬೋಗುಣಿಯನ್ನೇ ನೋಡಿದೆವು. ಹೊರಗೆ ಮಳೆ.

"ಎಂತ ಮಾಡುವುದು ಶೀನಣ್ಣ?"

"ಬೆಲ್ಲ ಉಂಟಾ?" ಎಂದರು ಅವರು ಶಾಂತವಾಗಿ. "ಮೆಣಸ್ಕಾಯಿ ಮಾಡುವ."

ಅನಾನಸಿನ ಮೆಣಸ್ಕಾಯಿ ನಮ್ಮ ಮದುವೆ ಮನೆಗಳ ಅಡುಗೆ, ಎಳ್ಳು-ತೆಂಗಿನಕಾಯಿಯದ್ದು. ಮೀನಿನ ಮಸಾಲೆಯಲ್ಲಿ ಅದನ್ನು ಮಾಡಿದವರು ಕರಾವಳಿಯಲ್ಲಿ ನಾವಿಬ್ಬರೇ ಇರಬೇಕು. ಶೀನಣ್ಣ ಮೂರು ಸಲ ಬಡಿಸಿಕೊಂಡರು. ಅದು ಬಂಗುಡೆಯಾಗಿದ್ದರೆ ಇಷ್ಟು ರುಚಿ ಬರುತ್ತಿರಲಿಲ್ಲವಂತೆ.

ಟಿನ್ ಮೀನಿನ ಮೇಲೆ ಅವರ ದೂರುಗಳೋ ಬೇಕಾದಷ್ಟು. ಅದು ಟಿನ್ನಿನೊಳಗೇ ಒತ್ತಡದಲ್ಲಿ ಬೆಂದು ಬರುವುದರಿಂದ ಮುಳ್ಳೂ ಮೆತ್ತಗಾಗಿ ಬಾಯಲ್ಲೇ ಕರಗುತ್ತದೆ. "ಮುಳ್ಳನ್ನೂ ನಾವೇ ತಿಂದರೆ ಬೆಕ್ಕಿಗೆ ಎಂತ ಕೊಡುವುದು?" ಸೌಟು ಆಡಿಸಿದರೆ ಪುಡಿ, ಮೊದಲೇ ಉಪ್ಪು ಇರುವುದರಿಂದ ಮರೆತು ಇನ್ನೊಂದು ಚಿಟಿಕೆ ಹಾಕಿದರೆ ಸಾರು ಕಡಲೇ ಸೈ. ಉಬ್ಬಿದ ಟಿನ್ ಒಂದಿತ್ತು, ಅದನ್ನು ಮಾತ್ರ ಇಬ್ಬರೂ ವಾದ ಇಲ್ಲದೆ ಎಸೆದೆವು.

ಇನ್ನು ಹೆಬ್ಬೆರಳಿನ ಕಥೆ. ಟಿನ್ನಿನ ಉಂಗುರ ಎಳೆದರೆ ಉಂಗುರ ಮಾತ್ರ ಕೈಗೆ ಬರುತ್ತದೆ, ನಿಶ್ಚಿತಾರ್ಥ ಆದ ಹಾಗೆ. ಓಪನರ್ ಬೋಟಿನಲ್ಲಿಲ್ಲ. ಲಂಡನ್ನಿನಲ್ಲಿ ಟಿನ್ನಿಗೆ ಪೇಟೆಂಟ್ ಸಿಕ್ಕಿದ್ದು 1810ರಲ್ಲಿ. ಅಮೆರಿಕದಲ್ಲಿ ಎಜ್ರಾ ವಾರ್ನರ್ ಎಂಬವರು ಓಪನರ್‌ಗೆ ಪೇಟೆಂಟ್ ಪಡೆದದ್ದು 1858ರಲ್ಲಿ. ನಡುವಿನ ಕಾಲದಲ್ಲಿ ಜನ ಉಳಿ ಸುತ್ತಿಗೆ ಹಿಡಿದು ಊಟಕ್ಕೆ ಕೂರುತ್ತಿದ್ದರು. ದಕ್ಕೆಯ ಆರನೇ ಬೋಟಿನಲ್ಲಿ ಆ ಕಾಲ ಇನ್ನೂ ಮುಗಿದಿಲ್ಲ. ನಿನ್ನೆ ನಾನು ಟಿನ್ ಹಿಡಿದಿದ್ದೆ, ಶೀನಣ್ಣ ಇಂಜಿನ್ ರೂಮಿನ ಉಳಿ ಇಟ್ಟು ಹೊಡೆದರು. ಅದೇ ಹೊತ್ತಿಗೆ ಫೆರಿ ಹೋಯಿತು, ಬೋಟ್ ಓಲಾಡಿತು. ಉಳಿದದ್ದು ನಿಮಗೆ ಗೊತ್ತು.

ಬಟ್ಟೆ ಕಟ್ಟುತ್ತಾ ಶೀನಣ್ಣ ತಮ್ಮ ಅಮ್ಮನ ಸುದ್ದಿ ತೆಗೆದರು. ಮಳೆಗಾಲಕ್ಕೆ ಅವರ ಮನೆಯಲ್ಲಿ ಒಲೆಯ ಮೇಲಿನ ಅಟ್ಟದಲ್ಲಿ ಒಣಮೀನು, ಭರಣಿಯಲ್ಲಿ ಉಪ್ಪಿಗೆ ಹಾಕಿದ ಹಲಸಿನ ಸೊಳೆ. ರಾತ್ರಿ ಗಂಜಿಗೆ ಕೆಂಡದಲ್ಲಿ ಸುಟ್ಟ ಒಣಸಿಗಡಿಯ ಚಟ್ನಿ. ಕರೆಂಟ್ ಇರಲಿಲ್ಲ. ಅಮ್ಮ ಕತ್ತಲೆಯಲ್ಲೇ ಕೈ ಹಾಕಿ ಬೇಕಾದ್ದನ್ನು ತೆಗೆಯುತ್ತಿದ್ದರಂತೆ. "ಚೀಟಿ ಎಂತದ್ದು, ಅವರಿಗೆ ಓದಲೂ ಬರ್ತಿರಲಿಲ್ಲ." ನನ್ನ ಅಜ್ಜಿಯೂ ಹಾಗೇ ಇದ್ದರು. ಇಬ್ಬರೂ ಸುಮ್ನೆ ಕೂತೆವು. ಇಡೀ ದಕ್ಕೆಯಲ್ಲಿ ಹಗ್ಗಗಳು ಕಿರುಗುಡುವ ಶಬ್ದ ಮಾತ್ರ.

ಇವತ್ತು ಸಂಕ್ರಮಣ. ಶೀನಣ್ಣ ಮೀನು ಮಾಂಸ ಮುಟ್ಟುವುದಿಲ್ಲ. ತರಕಾರಿ ತರಲು ಈ ಮಳೆಯಲ್ಲಿ ಐದು ಬೋಟ್ ದಾಟುವ ಧೈರ್ಯ ನನಗಿಲ್ಲ. ಉಳಿದದ್ದು ಮೂರು ಟಿನ್. ಮಧ್ಯದ್ದನ್ನು ಎತ್ತಿ, ಒರೆಸಿ, ಕಣ್ಣು ಮುಚ್ಚಿ ಅಲ್ಲಾಡಿಸಿದರು.

"ಅನಾನಸು. ಗ್ಯಾರಂಟಿ."

ಅನ್ನ ಬೆಂದಿದೆ. ಬೆಕ್ಕು ಬಂದು ಬಾಗಿಲಲ್ಲಿ ಕೂತಿದೆ. ಶೀನಣ್ಣ ಉಳಿ ಹುಡುಕುತ್ತಿದ್ದಾರೆ.