ಅಡಿಕೆ ತೋಟದ ಕೋವಿಗೆ ದೊಡ್ಡ ದುರ್ಬೀನು ಯಾಕೆ?

ಅಡಿಕೆ ಸಸಿ ನೆಡುವುದು ಒಂಬತ್ತು ಅಡಿಗೊಂದರಂತೆ. ಆ ಲೆಕ್ಕದಲ್ಲಿ 40 ಮೀಟರ್ ದೂರಕ್ಕೆ ಕಣ್ಣು ಹಾಯಿಸಿದರೆ ನಡುವೆ ಹದಿನಾಲ್ಕು ಸಾಲು ಮರ. ಸಾಲಿನ ನೇರಕ್ಕೆ ನಿಂತರೆ ಮಾತ್ರ ಅಷ್ಟು ದೂರ ಕಾಣುತ್ತದೆ. ಸ್ವಲ್ಪ ಓರೆಯಾದರೆ 25 ಮೀಟರಿಗೇ ಕಾಂಡಗಳೆಲ್ಲ ಸೇರಿ ಗೋಡೆಯಾಗುತ್ತವೆ. ಎಣ್ಮಕಜೆ, ಬೆಳ್ಳೂರು, ಕಾರಡ್ಕ, ದೇಲಂಪಾಡಿಯ ತೋಟಗಳಲ್ಲಿ ಹಂದಿಗೆ ಈಡು ಹಾರಿಸಲು ಸಿಗುವುದು ಇಷ್ಟೇ ದೂರ. ಹಾಗಿದ್ದೂ ಕಾಸರಗೋಡಿನಲ್ಲಿ ಸ್ಕೋಪ್, ಅಂದರೆ ಕೋವಿಯ ಮೇಲೆ ಕೂರಿಸುವ ದುರ್ಬೀನು, ಕೊಳ್ಳಲು ಹೊರಟವರ ಬಾಯಲ್ಲಿ 3-9×40, 6-24×50 ಎಂಬ ಲೆಕ್ಕವೇ ಬರುತ್ತದೆ. 3-9 ಎಂದರೆ ಮೂರರಿಂದ ಒಂಬತ್ತು ಪಟ್ಟು ದೊಡ್ಡದಾಗಿ ಕಾಣುತ್ತದೆ ಎಂದು, 40 ಎಂದರೆ ಮುಂದಿನ ಗಾಜಿನ ಅಗಲ ಮಿಲಿಮೀಟರಿನಲ್ಲಿ. ಬಯಲು ಸೀಮೆಯಲ್ಲಿ, 200-300 ಮೀಟರ್ ಆಚೆ ನಿಂತ ಜಿಂಕೆಗೆ ಗುರಿಯಿಡುವ ದೇಶಗಳ ವಿಡಿಯೊ ನೋಡಿ ಕಲಿತ ಲೆಕ್ಕ ಅದು. ನಮ್ಮ ತೋಟಕ್ಕೆ ಹೊಂದುವುದಿಲ್ಲ.

ಸ್ಕೋಪಿನ ಮಾತಿಗೆ ಮೊದಲು ಕಾನೂನಿನ ಮಾತು. ಕಾಡುಹಂದಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಇರುವ ಪ್ರಾಣಿ. ಮೋಜಿನ ಬೇಟೆಗೆ ಗಡಿಯ ಈಚೆಯಲ್ಲೂ ಆಚೆಯಲ್ಲೂ ಅವಕಾಶವಿಲ್ಲ. ಆದರೆ ಕೇರಳ ಸರ್ಕಾರ 2022ರ ಮೇ ತಿಂಗಳಲ್ಲಿ ಬೆಳೆ ಹಾಳುಮಾಡುವ ಹಂದಿಯನ್ನು ಕೊಲ್ಲಲು ಅನುಮತಿ ಕೊಡುವ ಅಧಿಕಾರವನ್ನು ಸ್ಥಳೀಯ ಸಂಸ್ಥೆಗಳಿಗೆ ಒಪ್ಪಿಸಿತು. ಪಂಚಾಯತ್ ಅಧ್ಯಕ್ಷರೇ ಗೌರವ ವನ್ಯಜೀವಿ ವಾರ್ಡನ್. ರೈತ ಅರ್ಜಿ ಕೊಟ್ಟರೆ ಪರವಾನಗಿ ಇರುವ ಕೋವಿಯವರನ್ನು ಪಂಚಾಯತೇ ಕರೆಸುತ್ತದೆ. ವಿಷ, ಸಿಡಿಮದ್ದು, ಕರೆಂಟು ಕೂಡದು. ಸತ್ತ ಹಂದಿಯನ್ನು ತಿನ್ನುವಂತಿಲ್ಲ, ಹೂಳಬೇಕು. ಗಡಿ ದಾಟಿ ಸುಳ್ಯ, ಪುತ್ತೂರಿಗೆ ಹೋದರೆ ಬೆಳೆ ರಕ್ಷಣೆಯ ಕೋವಿ ಹಲವು ಮನೆಗಳಲ್ಲಿ ಕಾಣಬಹುದು, ಆದರೆ ಪಂಚಾಯತ್ ಅಧ್ಯಕ್ಷರಿಗೆ ಈ ಅಧಿಕಾರವಿಲ್ಲ. ಈ ಒಂದು ವಿಷಯದಲ್ಲಿ ಕರ್ನಾಟಕ ಕೇರಳವನ್ನು ನೋಡಿ ಕಲಿಯಬೇಕು ಎಂದು ಗಟ್ಟಿಯಾಗಿ ಹೇಳುತ್ತೇನೆ. ಹಂದಿ ಈ ರಾತ್ರಿ ಬಾಳೆ ಬುಡ ಅಗೆದರೆ ನಾಳೆ ಅರ್ಜಿ ಕೊಡಲು ಹತ್ತಿರದಲ್ಲೇ ಒಂದು ಬಾಗಿಲು ಬೇಕು.

ಈಗ ಸ್ಕೋಪಿಗೆ ಬರೋಣ. ಮಾಮೂಲಿ 3-9×40 ಸ್ಕೋಪನ್ನು ಒಂಬತ್ತು ಪಟ್ಟಿಗೆ ತಿರುಗಿಸಿದರೆ 100 ಮೀಟರಿನಲ್ಲಿ ಸುಮಾರು 4 ಮೀಟರ್ ಅಗಲದ ಜಾಗ ಕಾಣುತ್ತದೆ. 25 ಮೀಟರಿಗೆ ಅದು ಒಂದೇ ಮೀಟರ್. ದೊಡ್ಡ ಹಂದಿಯ ಉದ್ದ ಒಂದೂವರೆ ಮೀಟರ್ ಹತ್ತಿರ. ಅಂದರೆ ಸ್ಕೋಪಿನ ತುಂಬ ಕಪ್ಪು ಕೂದಲು ಮಾತ್ರ; ತಲೆ ಯಾವ ಕಡೆ, ಭುಜ ಎಲ್ಲಿ, ಪಕ್ಕದಲ್ಲಿ ನಾಯಿ ಇದೆಯೋ, ಎದುರು ಹಂದಿಯನ್ನು ಎಬ್ಬಿಸಿ ಸೋವುವವನು ಬರುತ್ತಿದ್ದಾನೋ, ಒಂದೂ ತಿಳಿಯುವುದಿಲ್ಲ. ಅದೇ 1-4×24 ಸ್ಕೋಪನ್ನು ಒಂದು ಪಟ್ಟಿನಲ್ಲಿಟ್ಟರೆ 25 ಮೀಟರಿನಲ್ಲಿ ಸುಮಾರು 8 ಮೀಟರ್ ಅಗಲ ಕಾಣುತ್ತದೆ, ಎರಡೂ ಕಣ್ಣು ತೆರೆದೇ ಗುರಿ ಹಿಡಿಯಬಹುದು. ಓಡುವ ಹಂದಿಗೆ ಬೇಕಾದದ್ದು ಇದು.

ಮಬ್ಬು ಬೆಳಕಿಗೆ ದೊಡ್ಡ ಗಾಜೇ ಬೇಕು ಎಂಬ ನಂಬಿಕೆಯನ್ನೂ ಲೆಕ್ಕಕ್ಕಿಟ್ಟು ನೋಡಿ. ಮುಂದಿನ ಗಾಜಿನ ಮಿಲಿಮೀಟರನ್ನು ಪಟ್ಟಿನಿಂದ ಭಾಗಿಸಿದರೆ ಕಣ್ಣಿಗೆ ಬರುವ ಬೆಳಕಿನ ಕಂಬದ ದಪ್ಪ ಸಿಗುತ್ತದೆ. 24ನ್ನು 4ರಿಂದ ಭಾಗಿಸಿದರೆ 6 ಮಿ.ಮೀ. 40ನ್ನು 9ರಿಂದ ಭಾಗಿಸಿದರೆ ನಾಲ್ಕೂವರೆಗೂ ಕಡಿಮೆ. ಹರೆಯದವರ ಕಣ್ಣಿನ ಪಾಪೆ ಕತ್ತಲಲ್ಲಿ 7 ಮಿ.ಮೀ. ವರೆಗೆ ಅರಳುತ್ತದೆ, ವಯಸ್ಸಾದವರಲ್ಲಿ 5ರ ಆಸುಪಾಸು. ಹಾಗಾಗಿ ಸಂಜೆ ಹೊತ್ತಿನಲ್ಲಿ ಚಿಕ್ಕ ಸ್ಕೋಪ್ ಸೋಲುವುದಿಲ್ಲ. ಗಾಜಿನ ಲೇಪ ನೋಡಿ ಕೊಳ್ಳುವುದು ಇದಕ್ಕಿಂತ ಮುಖ್ಯ. ಲೇಪವಿಲ್ಲದ ಗಾಜಿನ ಒಂದೊಂದು ಮೈಯೂ ಸುಮಾರು 4 ಶೇಕಡಾ ಬೆಳಕನ್ನು ಹಿಂದಕ್ಕೆ ಎಸೆಯುತ್ತದೆ. ಅಂಥ ಹತ್ತು ಮೈ ದಾಟುವಾಗ ಮೂರರಲ್ಲೊಂದು ಪಾಲು ಹೋಯಿತು. ಪೆಟ್ಟಿಗೆಯ ಮೇಲೆ ‘ಫುಲ್ಲಿ ಮಲ್ಟಿ ಕೋಟೆಡ್’ ಎಂದೇ ಬರೆದಿರಬೇಕು; ಬರೀ ‘ಕೋಟೆಡ್’ ಎಂದಿದ್ದರೆ ಬಿಟ್ಟುಬಿಡಿ. ಸ್ಕೋಪಿನೊಳಗೆ ಕಾಣುವ ಗುರಿಗೆರೆ ಹೊರಗೆ ದಪ್ಪ, ನಡುವೆ ತೆಳು ಇರಲಿ. ಕೂದಲೆಳೆಯಂಥ ಗೆರೆ ಕಪ್ಪು ಹಂದಿಯ ಮೇಲೆ ಆರು ಗಂಟೆಗೇ ಮಾಯವಾಗುತ್ತದೆ. ನಡುವೆ ಕೆಂಪು ಚುಕ್ಕೆ ಉರಿಯುವಂಥದ್ದಾದರೆ ಇನ್ನೂ ಒಳ್ಳೆಯದು, ಆದರೆ ಅದನ್ನು ಅತಿ ಕಡಿಮೆ ಬೆಳಕಿಗೆ ಇಳಿಸಲು ಬರಬೇಕು. ಪ್ಯಾರಲಾಕ್ಸಿನ, ಅಂದರೆ ಕಣ್ಣು ಸ್ವಲ್ಪ ಸರಿದಾಗ ಗುರಿಗೆರೆಯೂ ಸರಿದಂತೆ ಕಾಣುವುದರ, ಚಿಂತೆ ಬೇಡ. 100 ಮೀಟರಿಗೆ ಹೊಂದಿಸಿದ 24 ಮಿ.ಮೀ. ಗಾಜಿನಲ್ಲಿ 25 ಮೀಟರಿಗೆ ಹೆಚ್ಚೆಂದರೆ ಒಂದು ಸೆಂ.ಮೀ. ತಪ್ಪು, ಹಂದಿಯ ಮರ್ಮದ ಜಾಗವೋ 15 ಸೆಂ.ಮೀ.

ಹಣ ಉಳಿಸಲು ಏರ್‌ಗನ್ನಿನ ಸ್ಕೋಪ್ ತಂದು .315 ರೈಫಲಿಗೆ ಹಾಕುವುದು ದೊಡ್ಡ ತಪ್ಪು. ರೈಫಲಿನ ಒದೆತಕ್ಕೆ ಸ್ಕೋಪಿನ ಒಳಗಿನ ಸ್ಪ್ರಿಂಗು ಸಡಿಲವಾಗಬಹುದು. ಕಣ್ಣಿನಿಂದ ಸ್ಕೋಪಿಗೆ 9 ಸೆಂ.ಮೀ. ಆದರೂ ಅಂತರ ಬೇಕು, ಇಲ್ಲದಿದ್ದರೆ ಹುಬ್ಬು ಒಡೆಯುತ್ತದೆ. ಜೋಡು ನಳಿಗೆಯ ಹನ್ನೆರಡು ಬೋರಿಗಂತೂ ಸ್ಕೋಪೇ ಬೇಡ. ಎಲ್‌ಜಿ ಎಂಬ ದಪ್ಪ ಚರೆಯ ತೋಟೆಯ ಗುಂಡುಗಳು ಮೀಟರಿಗೆ ಸುಮಾರು ಎರಡೂವರೆ ಸೆಂ.ಮೀ.ನಂತೆ ಹರಡುತ್ತವೆ. 30 ಮೀಟರಿಗೆ ಮುಕ್ಕಾಲು ಮೀಟರ್ ಹರಡಿದ ಮೇಲೆ ಗಾಜು ಏನು ಮಾಡೀತು? 20 ಮೀಟರ್ ಒಳಗೆ ಬರುವವರೆಗೆ ಕಾಯುವುದೇ ಅದಕ್ಕೆ ದಾರಿ. ಗುಂಡು ತಾಗಿ ಓಡಿದ ಹಂದಿ ಗುಡ್ಡೆಯಲ್ಲಿ ನರಳಿ ಸಾಯುವುದು ಯಾರಿಗೂ ಬೇಡದ ಪಾಪ.

ಸ್ಕೋಪಿನಲ್ಲಿ ಉಳಿಸಿದ ದುಡ್ಡನ್ನು ಕೋವಿಯ ಮೇಲೆ ಕೂರುವ ಬೇಸು, ಅದಕ್ಕೆ ಸ್ಕೋಪನ್ನು ಹಿಡಿದಿಡುವ ರಿಂಗುಗಳಿಗೆ ಹಾಕಿ. ಗುರಿ ತಪ್ಪಿತೆಂದು ಸ್ಕೋಪನ್ನು ಬೈಯುವ ಹೆಚ್ಚಿನ ಕಡೆ ಸಡಿಲಾಗಿರುವುದು ಇವುಗಳ ಸ್ಕ್ರೂ. ಹಳೆಯ ರೈಫಲಿಗೆ ತೂತು ಕೊರೆಯಬೇಕಾದರೆ ಲೈಸನ್ಸ್ ಇರುವ ಕೋವಿ ರಿಪೇರಿಯವರೇ ಕೊರೆಯಬೇಕು, ಊರಿನ ಲೇತಿನವರಲ್ಲ. ಸೀಳುಗಳಿರುವ ಬೇಸಿಗೆ ರೈಲು ಎನ್ನುತ್ತಾರೆ, ಅದರಲ್ಲಿ ಪಿಕಟಿನಿ, ವೀವರ್ ಎಂದು ಎರಡು ಬಗೆ. ಪಿಕಟಿನಿ ರೈಲಿನ ಸೀಳು 5.2 ಮಿ.ಮೀ., ವೀವರಿನದು 4.6, ಪಿಕಟಿನಿಯ ರಿಂಗು ವೀವರಿನ ಮೇಲೆ ಕೂರುವುದಿಲ್ಲ, ಬಡಿದು ಕೂರಿಸಬೇಡಿ. ಬೇಸಿನ ಸ್ಕ್ರೂ ಮತ್ತು ತೂತಿನ ಎಣ್ಣೆ ಪೂರ್ತಿ ಒರೆಸಿ ನೀಲಿ ಥ್ರೆಡ್‌ಲಾಕ್ ಒಂದು ಹನಿ ಹಾಕಿ. ಗೆರೆ ನೆಟ್ಟಗಿದೆಯೋ ಎಂದು ನೋಡಲು ಎದುರಿಗೆ ಹಗ್ಗಕ್ಕೆ ಕಲ್ಲು ಕಟ್ಟಿ ಇಳಿಬಿಡಿ. ರಿಂಗಿನ ಮೇಲ್ತುಂಡಿನ ಎರಡೂ ಬದಿಯ ಸಂದು ಸಮ ಇರುವಂತೆ ಒಂದು ಬಿಟ್ಟು ಒಂದು ಸ್ಕ್ರೂವನ್ನು ಸುಮಾರು 2 ನ್ಯೂಟನ್ ಮೀಟರಿಗೆ ಬಿಗಿಮಾಡಿ. ಅತಿ ಬಿಗಿದರೆ ಟ್ಯೂಬು ಹಿಸುಕಿ ಪಟ್ಟಿನ ಬಳೆ ತಿರುಗದು.

ತೋಟೆ ಉಳಿಸಲು ಒಂದು ಉಪಾಯ. ಕೋವಿ ಖಾಲಿ ಇದೆಯೆಂದು ಎರಡು ಸಲ ನೋಡಿ, ನಳಿಗೆಯ ಹಿಂಬದಿಯ ಬೋಲ್ಟ್ ಕಳಚಿ, ಮರಳಿನ ಚೀಲದ ಮೇಲೆ ಕದಲದಂತೆ ಇಡಿ. ನಳಿಗೆಯೊಳಗಿಂದ 25 ಮೀಟರಿನ ಗುರುತನ್ನು ನಡುವಿಗೆ ತನ್ನಿ. ಆಮೇಲೆ ಸ್ಕೋಪಿನ ಗೆರೆಯನ್ನು ಅದೇ ಗುರುತಿಗೆ ತಿರುಗಿಸಿ. ನಂತರ ಮೂರು ಈಡು. ಗೆರೆ ಸರಿಸುವ ತಿರುಪಿನ ಒಂದು ಕ್ಲಿಕ್ಕು ಕಾಲು ಎಂಒಎ (ಎಂಒಎ ಎಂದರೆ ಒಂದು ಡಿಗ್ರಿಯ ಅರವತ್ತನೇ ಒಂದು ಪಾಲು); ಅದು 100 ಮೀಟರಿಗೆ 7 ಮಿ.ಮೀ., 25 ಮೀಟರಿಗೆ 2 ಮಿ.ಮೀ.ಗೂ ಕಡಿಮೆ. 5 ಸೆಂ.ಮೀ. ಸರಿಸಬೇಕಾದರೆ 28 ಕ್ಲಿಕ್ಕು. ನಾಲ್ಕು ಕ್ಲಿಕ್ಕು ತಿರುಗಿಸಿ ‘ಏನೂ ಆಗಲಿಲ್ಲ’ ಎನ್ನುವುದು ಇದಕ್ಕೇ. ಕೊನೆಗೆ 50 ಮೀಟರಿಗೆ ಸರಿಮಾಡಿ. ಗಾಜು ನಳಿಗೆಗಿಂತ 4 ಸೆಂ.ಮೀ. ಮೇಲಿರುವ ಕಾರಣ 10 ಮೀಟರಿನಲ್ಲಿ ಗುಂಡು ಸುಮಾರು 3 ಸೆಂ.ಮೀ. ಕೆಳಗೆ ಬೀಳುತ್ತದೆ, ನೆನಪಿರಲಿ.

ಇದನ್ನೆಲ್ಲ ಮಾಡುವುದು ಎಲ್ಲಿ? ತೋಟದಲ್ಲಿ ಕೂಡದು, ಮುರಕಲ್ಲಿನ ಧರೆಗೆ ತಾಗಿದ ಗುಂಡು ಸಿಡಿದು ಎತ್ತ ಹೋಗುವುದೋ ಹೇಳಲಾಗದು. ಇಲ್ಲಿ ಕೊಡಗಿನ ರೂಢಿ ನಮಗೆ ಪಾಠ. ಪಾಣತ್ತೂರಿನ ಬೆಟ್ಟದಾಚೆಗೇ ಕೊಡಗು. ಕೊಡವರಿಗೂ ಜಮ್ಮಾ ಎಂಬ ವಂಶಪಾರಂಪರ್ಯದ ಭೂಮಿಯ ಹಿಡುವಳಿದಾರರಿಗೂ ಕೋವಿ ಪರವಾನಗಿಯ ವಿನಾಯಿತಿ 2029ರ ಅಕ್ಟೋಬರ್‌ವರೆಗೆ ಇದೆ. ಆ ವಿನಾಯಿತಿಯನ್ನು ನಾವು ಕೇಳುವುದು ಬೇಡ. ಆದರೆ ಕೊಡವರ ಆಯುಧಪೂಜೆಯ ಹಬ್ಬ ಕೈಲ್‌ಪೊಳ್ದಿನ ಹೊತ್ತಿಗೆ ಊರವರೆಲ್ಲರ ಎದುರು ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ ಇದೆಯಲ್ಲ, ಅದರಲ್ಲಿ ಯಾರ ಕೈ ಹೇಗೆ, ಯಾರ ಕೋವಿ ಹೇಗೆ ಎಂದು ಎಲ್ಲರಿಗೂ ಗೊತ್ತಾಗುತ್ತದೆ. ಹಂದಿ ಹೊಡೆಯಲು ಕರೆಸುವ ನಮ್ಮ ಪಂಚಾಯತುಗಳು ವರ್ಷಕ್ಕೊಮ್ಮೆ, ಮಳೆ ಮುಗಿದ ಮೇಲೆ, ಪೊಲೀಸರ ಅನುಮತಿ ಪಡೆದು ಮಣ್ಣಿನ ದಿಬ್ಬದ ಎದುರು ಇಂಥದೊಂದು ಗುರಿಪರೀಕ್ಷೆ ಇಡಲಿ. 50 ಮೀಟರಿನಲ್ಲಿ ತಟ್ಟೆಯಷ್ಟು ಜಾಗಕ್ಕೆ ಮೂರು ಈಡು ಕೂರಿಸಲಾಗದವರ ಹೆಸರು ಪಟ್ಟಿಯಲ್ಲಿ ಇರಬಾರದು.

ಮಳೆಯ ಮಾತು ಬಿಡುವಂತಿಲ್ಲ. ವರ್ಷಕ್ಕೆ 3,500 ಮಿ.ಮೀ. ಆಸುಪಾಸು ಮಳೆ ಬೀಳುವ ಜಿಲ್ಲೆ ನಮ್ಮದು. ನೈಟ್ರೋಜನ್ ತುಂಬಿದ ಸ್ಕೋಪನ್ನೇ ಕೊಳ್ಳಿ. ತಂದ ಮೊದಲ ವಾರವೇ ಅರ್ಧ ಗಂಟೆ ಫ್ರಿಜ್ಜಿನಲ್ಲಿಟ್ಟು ಹೊರಗೆ ತೆಗೆಯಿರಿ. ಹೊರಗಾಜಿನ ಮಂಜು ಒರೆಸಿದರೆ ಹೋಗುತ್ತದೆ. ಒಳಗೆ ಮಂಜು ಕಂಡರೆ ವಾಪಸು ಕೊಡಿ. ಚರ್ಮದ ಚೀಲದಲ್ಲಿಟ್ಟರೆ ಗಾಜಿಗೆ ಬೂಸ್ಟು ಹಿಡಿಯುತ್ತದೆ, ಸಿಲಿಕಾ ಜೆಲ್ ಹಾಕಿದ ಬಿಗಿ ಮುಚ್ಚಳದ ಡಬ್ಬಿ ಒಳ್ಳೆಯದು.

ಚುನಾವಣೆ ಬಂದಾಗ ಕೋವಿಯನ್ನು ಠಾಣೆಗೆ ಒಪ್ಪಿಸಬೇಕಾಗುತ್ತದೆ. ಅಲ್ಲಿ ಸಾಲಾಗಿ ಒರಗಿಸಿಟ್ಟ ಕೋವಿಗಳು ಒಂದಕ್ಕೊಂದು ತಾಗುತ್ತವೆ. ಕೊಡುವ ಮೊದಲು ಬೇಸನ್ನು ಬಿಟ್ಟು ರಿಂಗಿನ ಸಮೇತ ಸ್ಕೋಪನ್ನು ಕಳಚಿ, ರೈಲಿನ ಯಾವ ಸೀಳಿನಲ್ಲಿತ್ತೆಂದು ಬಿಳಿ ಪೇಂಟಿನಲ್ಲಿ ಗುರುತು ಹಾಕಿ ಮನೆಯಲ್ಲಿಡಿ. ಕೋವಿ ವಾಪಸು ಬಂದ ಮೇಲೆ ಅದೇ ಸೀಳಿಗೆ, ಮುಂದಕ್ಕೆ ಒತ್ತಿ ಹಿಡಿದು ಬಿಗಿಯಿರಿ. ಗುರಿ ಹತ್ತಿರ ಹತ್ತಿರ ಬರುತ್ತದೆ, ಆದರೂ ಎರಡು ತೋಟೆ ಖರ್ಚು ಮಾಡಿ ನೋಡದೆ ಹಂದಿಯ ಎದುರು ನಿಲ್ಲಬೇಡಿ.