ಡೊಂಕು ಗಿಡದ ಕಾವಲು

ಅಲಂಕಾರಕ್ಕೆ ಗಿಡ ನೆಡುವವರು ಸಾಮಾನ್ಯವಾಗಿ ಹೂವು ನೋಡಿ ಮರುಳಾಗುತ್ತಾರೆ, ಇಲ್ಲವೇ ಎಲೆ ನೋಡಿ. ತಿರುಚು ಹೇಜಲ್‌ನಟ್ (ತಿನ್ನುವ ಬೀಜ ಬಿಡುವ ಹೇಜಲ್ ಗಿಡದ ಡೊಂಕು ತಳಿ) ನೆಡುವವರು ಮಾತ್ರ ಬರೀ ಕಡ್ಡಿಗೆ ಮರುಳಾದವರು. ನಾನೂ ಆ ಪೈಕಿ. ಇದರ ಒಂದು ಕೊಂಬೆಯೂ ನೇರವಿಲ್ಲ. ಮೇಲೆ ಹೊರಟದ್ದು ಅರ್ಧ ದಾರಿಯಲ್ಲಿ ಮನಸ್ಸು ಬದಲಿಸಿ ಕೆಳಗಿಳಿಯುತ್ತದೆ, ಪಕ್ಕಕ್ಕೆ ಹೊರಳುತ್ತದೆ, ಒಂದು ಸುತ್ತು ಹಾಕಿ ಮತ್ತೆ ಮೇಲೇಳುತ್ತದೆ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಅಂತಾರಲ್ಲ, ಇದಕ್ಕೆ ಆ ಚಿಂತೆಯೇ ಇಲ್ಲ. ಗಿಡವಾಗಿದ್ದಾಗಲೇ ಜಾಸ್ತಿ ಬಗ್ಗಿಬಿಟ್ಟಿದೆ.

ಇದು ಮೊದಲು ಕಣ್ಣಿಗೆ ಬಿದ್ದದ್ದು ಇಂಗ್ಲೆಂಡಿನ ಗ್ಲಾಸ್ಟರ್‌ಷೈರ್‌ನಲ್ಲಿ, 1860ರ ದಶಕದಲ್ಲಿ. ಹೊಲದ ಬೇಲಿಯ ಮಾಮೂಲಿ ಹೇಜಲ್ ಗಿಡಗಳ ನಡುವೆ ಇದೊಂದು ಸೊಟ್ಟಗೆ ಬೆಳೆದಿತ್ತು. ಬೇಲಿ ಸವರುವವನು ಸ್ವಲ್ಪ ಚುರುಕಾಗಿದ್ದಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಆಮೇಲೆ ಇ. ಎ. ಬೌಲ್ಸ್ ಎಂಬ ತೋಟಪ್ರೇಮಿ ತಮ್ಮ ಮಿಡಲ್ಟನ್ ಹೌಸ್ ತೋಟದಲ್ಲಿ ವಿಚಿತ್ರ ಗಿಡಗಳಿಗೇ ಒಂದು ಮೂಲೆ ಬಿಟ್ಟು, ಅದನ್ನು ಹುಚ್ಚಾಸ್ಪತ್ರೆ ಎಂದು ಕರೆದರು. ಈ ಹೇಜಲ್‌ಗೂ ಅಲ್ಲೊಂದು ಹಾಸಿಗೆ ಸಿಕ್ಕಿತು. ಸ್ಕಾಟ್ಲೆಂಡಿನ ಹಾಸ್ಯಗಾರ ಹ್ಯಾರಿ ಲಾಡರ್ ಸೊಟ್ಟ ಊರುಗೋಲು ಹಿಡಿದು ವೇದಿಕೆಗೆ ಬರುತ್ತಿದ್ದರು. ಹಾಗಾಗಿ ಕೆಲವರು ಇದನ್ನು ಹ್ಯಾರಿ ಲಾಡರ್ ಊರುಗೋಲು ಎಂದೇ ಕರೆಯುತ್ತಾರೆ.

ಬೇಸಿಗೆಯಲ್ಲಿ ಈ ಗಿಡವನ್ನು ಯಾರಿಗೂ ತೋರಿಸಬಾರದು. ಎಲೆಗಳೂ ಮುದುಡಿಕೊಂಡೇ ಇರುತ್ತವೆ. ನೋಡಿದವರು ಪಾಪ, ಕನಿಕರದಿಂದ ‘ಯಾವ ಔಷಧಿ ಹೊಡೀತಿದ್ದೀರಿ?’ ಅಂತ ಕೇಳುತ್ತಾರೆ. ಎಲೆಯೆಲ್ಲ ಉದುರಿ ಚಳಿ ಬಿಗಿಯಾದಾಗಲೇ ಇದರ ದರ್ಬಾರು. ಉಳಿದ ಗಿಡಗಳು ಬೋಳಾಗಿ ಕಾಣುವ ಹೊತ್ತಿಗೆ ಇದರ ಮೈಮಾಟ ಪೂರ್ತಿ ಹೊರಬೀಳುತ್ತದೆ. ಚಳಿಗಾಲದ ಕೊನೆಗೆ ಕಡ್ಡಿಗಳಿಂದ ಹಳದಿ ಗಂಡುಹೂಗಳು ಜುಮುಕಿಯ ಹಾಗೆ ಇಳಿಬೀಳುತ್ತವೆ. ಹೆಣ್ಣುಹೂ ಬೇಕೆಂದರೆ ಕಡ್ಡಿಗೆ ಮೂಗು ತಾಗಿಸಿ ಹುಡುಕಬೇಕು. ಮೊಗ್ಗಿನ ತುದಿಯಲ್ಲಿ ಚಿಟಿಕೆಯಷ್ಟು ಕೆಂಪು ಎಳೆಗಳು, ಅಷ್ಟೇ. ಪರಾಗ ಹೊತ್ತೊಯ್ಯುವ ಕೆಲಸ ಗಾಳಿಯದು. ಆದರೆ ತನ್ನ ಪರಾಗದಿಂದಲೇ ಕಾಯಿ ಕಟ್ಟುವ ಗಿಡವಲ್ಲ ಇದು. ಹತ್ತಿರದಲ್ಲಿ ಬೇರೆ ತಳಿಯ ಹೇಜಲ್ ಇಲ್ಲದಿದ್ದರೆ ಬೀಜ ತಿನ್ನುವ ಆಸೆ ಬಿಡಬೇಕು.

ಆರೈಕೆ ಹೆಚ್ಚೇನಿಲ್ಲ. ಬಿಸಿಲು ಅಥವಾ ಅರೆನೆರಳು, ನೀರು ನಿಲ್ಲದ ಮಣ್ಣು. 8-10 ಅಡಿ ಆಗಲು ವರ್ಷಗಟ್ಟಲೆ ತೆಗೆದುಕೊಳ್ಳುತ್ತದೆ, ಅವಸರ ಮಾಡಿ ಪ್ರಯೋಜನವಿಲ್ಲ. ಕಷ್ಟವೆಲ್ಲ ಬುಡದಲ್ಲಿದೆ.

ಬೀಜ ಹಾಕಿದರೆ ಇದೇ ಡೊಂಕು ಬರುವ ಭರವಸೆ ಇಲ್ಲ. ಅದಕ್ಕೇ ನರ್ಸರಿಯವರು ಇದನ್ನು ನೆಟ್ಟನೆಯ ಹೇಜಲ್ ಬೇರಿಗೆ ಕಸಿ ಕಟ್ಟಿ ಮಾರುತ್ತಾರೆ. ಆ ಬೇರು ತಾನು ಯಾರೆಂದು ಮರೆತಿರುವುದಿಲ್ಲ. ಕಸಿಯ ಕೆಳಗಿನಿಂದ ಚಿಗುರು ಕಳಿಸುತ್ತಲೇ ಇರುತ್ತದೆ. ಎಂಥಾ ಚಿಗುರು ಅಂತೀರಿ! ಬಾಣದಷ್ಟು ನೇರ, ದಷ್ಟಪುಷ್ಟ, ಎಲೆಯಲ್ಲಿ ಒಂದು ಸುಕ್ಕಿಲ್ಲ. ಸುಮ್ನೆ ಬಿಟ್ಟರೆ ಕೆಲವೇ ವರ್ಷಗಳಲ್ಲಿ ಡೊಂಕು ಗಿಡವನ್ನು ಮೂಲೆಗೆ ತಳ್ಳಿ ತಾನೇ ಮರವಾಗುತ್ತದೆ. ಹಾಗಾಗಿ ಆಗಾಗ ಮಂಡಿಯೂರಿ, ಮಣ್ಣು ಬಿಡಿಸಿ, ಹುಟ್ಟಿದ ಜಾಗದಿಂದಲೇ ಅದನ್ನು ಕೀಳಬೇಕು. ಮೇಲೆ ಕತ್ತರಿಸಿದರೆ ಒಂದಿದ್ದದ್ದು ನಾಲ್ಕಾಗುತ್ತದೆ. ಪಕ್ಕದ ಮನೆಯವರು ಬೇಲಿಯಾಚೆಯಿಂದ ನೋಡಿ, ‘ಅಲ್ಲಾ ಮಾರಾಯ್ರೇ, ಚೆನ್ನಾಗಿರೋದನ್ನೇ ಕೀಳ್ತೀರಲ್ಲ, ರೋಗ ಬಂದದ್ದನ್ನ ಬಿಟ್ಟು!’ ಅಂದರು. ವಿವರಿಸಿದೆ. ಅವರ ಮುಖ ನೋಡಿದರೆ ಬೌಲ್ಸ್ ಅವರ ಆಸ್ಪತ್ರೆಯಲ್ಲಿ ನನಗೂ ಒಂದು ಹಾಸಿಗೆ ಕಾದಿರಿಸುವಂತಿತ್ತು.

ಕಣ್ಣಿಗೆ ಬೀಳದೆ ಉದ್ದ ಬೆಳೆದ ನೇರ ಚಿಗುರುಗಳು ಬಟಾಣಿ ಬಳ್ಳಿಗೆ ಒಳ್ಳೇ ಊರೆಗೋಲಾಗುತ್ತವೆ. ಕಸಿ ಕಟ್ಟದೆ, ಕೊಂಬೆಯನ್ನೇ ಮಣ್ಣಿಗೆ ಬಗ್ಗಿಸಿ ಬೇರು ಬರಿಸಿದ ಗಿಡವೂ ಅಪರೂಪಕ್ಕೆ ಸಿಗುತ್ತದೆ. ಸಿಕ್ಕರೆ ಅದನ್ನೇ ತನ್ನಿ. ಅದರ ಬುಡದ ಚಿಗುರೂ ಸೊಟ್ಟಗೇ ಬರುತ್ತದೆ, ಕೀಳುವ ರಗಳೆಯಿಲ್ಲ. ಬಟಾಣಿಗೆ ಕೋಲು ಮಾತ್ರ ಬೇರೆ ಕಡೆ ಹುಡುಕಬೇಕು.