‘ಜನಕ್ಕೆ ಬೇಕಾಗಿರೋದೇ ಅದು’ ಅನ್ನೋರಿಗೆ ಲಿವರ್‌ಪೂಲ್ ಕಥೆ

ಪತ್ರಿಕೆಗಳು ಕಂಡಾಬಟ್ಟೆ ರೋಚಕವಾಗಿ ಬರೆದಾಗಲೆಲ್ಲ ಒಂದು ಸಮರ್ಥನೆ ಕೇಳಿಸುತ್ತದೆ: ‘ಜನಕ್ಕೆ ಬೇಕಾಗಿರೋದೇ ಅದು, ಕೊಡ್ತಾರೆ ಅಷ್ಟೇ.’ ಬ್ರಿಟನ್ನಿನ ‘ದಿ ಸನ್’ ದಿನಪತ್ರಿಕೆಯ ಚರಿತ್ರೆ ನೋಡಿದರೆ ಈ ಮಾತು ಅರ್ಧ ಮಾತ್ರ ನಿಜ.

ಇದರ ಬೇರು ಇರುವುದು ‘ಡೈಲಿ ಹೆರಾಲ್ಡ್’ನಲ್ಲಿ. 1911ರಲ್ಲಿ ಲಂಡನ್ನಿನಲ್ಲಿ ಅಚ್ಚಿನ ಮೊಳೆ ಜೋಡಿಸುವವರು ಮುಷ್ಕರ ಹೂಡಿದಾಗ ತಾವೇ ಹೊರಡಿಸಿದ ಹಾಳೆ ಅದು. 1930ರ ದಶಕದಲ್ಲಿ ದಿನಕ್ಕೆ 20 ಲಕ್ಷ ಪ್ರತಿ ಖರ್ಚಾಗುತ್ತಿತ್ತು! ಆದರೆ ಓದುಗರಲ್ಲಿ ಕೂಲಿಕಾರರೇ ಜಾಸ್ತಿ. ಅವರ ಜೇಬು ನಂಬಿ ಜಾಹೀರಾತು ಕೊಡುವವರು ಕಡಿಮೆ. ಕೊನೆಗೆ ನಷ್ಟ ತಾಳಲಾರದೆ 1964ರಲ್ಲಿ ಅದನ್ನು ‘ದಿ ಸನ್’ ಎಂದು ಬದಲಾಯಿಸಿದರು. ಅದೂ ಕುಂಟಿತು. 1969ರಲ್ಲಿ ಪತ್ರಿಕಾ ಉದ್ಯಮಿ ರೂಪರ್ಟ್ ಮರ್ಡೋಕ್ ಅಗ್ಗಕ್ಕೆ ಕೊಂಡು ಟ್ಯಾಬ್ಲಾಯ್ಡ್, ಅಂದರೆ ಚಿಕ್ಕ ಅಳತೆಯ ರೋಚಕ ಪತ್ರಿಕೆ, ಮಾಡಿದರು. ಮರುವರ್ಷವೇ ಮೂರನೇ ಪುಟಕ್ಕೆ ಅರೆಬೆತ್ತಲೆ ಹುಡುಗಿಯರು ಬಂದರು. 1978ರ ಹೊತ್ತಿಗೆ ಎದುರಾಳಿ ಪತ್ರಿಕೆ ‘ಡೈಲಿ ಮಿರರ್’ ಕೂಡ ಮಾರಾಟದಲ್ಲಿ ಹಿಂದೆ ಬಿತ್ತು. ಜನ ಮುಗಿಬಿದ್ದು ಕೊಂಡದ್ದು ಸುಳ್ಳಲ್ಲ.

1986ರಲ್ಲಿ ಮರ್ಡೋಕ್ ತಮ್ಮ ಪತ್ರಿಕೆಗಳ ಮುದ್ರಣವನ್ನು ಲಂಡನ್ನಿನದೇ ವಾಪಿಂಗ್ ಪ್ರದೇಶಕ್ಕೆ ಸಾಗಿಸಿದರು. ಮುಷ್ಕರ ಹೂಡಿದ 5,000ಕ್ಕೂ ಹೆಚ್ಚು ಕಾರ್ಮಿಕರನ್ನು ಮನೆಗೆ ಕಳಿಸಿದರು. ಮುಷ್ಕರದಲ್ಲೇ ಹುಟ್ಟಿದ ಪತ್ರಿಕೆಗೆ ಇಂಥ ಗತಿ ನೋಡಿ!

ಆಮೇಲೆ 1989. ಏಪ್ರಿಲ್ 15ರಂದು ಶೆಫೀಲ್ಡ್‌ನ ಹಿಲ್ಸ್‌ಬರೋ ಮೈದಾನದಲ್ಲಿ ಫುಟ್ಬಾಲ್ ಪಂದ್ಯ. ಪೊಲೀಸರು ಒಂದು ದೊಡ್ಡ ಗೇಟು ತೆಗೆಸಿದರು. ನಿಂತು ನೋಡುವವರಿಗೆಂದು ಬೇಲಿ ಹಾಕಿದ್ದ, ಮೊದಲೇ ತುಂಬಿದ್ದ ಜಾಗಕ್ಕೆ ಜನ ನುಗ್ಗಿ, ಮುಂದಿದ್ದವರು ಉಸಿರುಗಟ್ಟಿದರು. ಆ ದುರಂತಕ್ಕೆ ಬಲಿಯಾದ ಲಿವರ್‌ಪೂಲ್ ತಂಡದ ಅಭಿಮಾನಿಗಳು ಒಟ್ಟು 97. ನಾಲ್ಕೇ ದಿನಕ್ಕೆ ಸನ್‌ನ ಮುಖಪುಟದಲ್ಲಿ ಒಂದೇ ದೊಡ್ಡ ತಲೆಬರಹ: ‘ದಿ ಟ್ರೂತ್’ (ಸತ್ಯ). ಅದರ ಕೆಳಗೆ ಮೂರು ಆರೋಪ. ಅಭಿಮಾನಿಗಳು ಸತ್ತವರ ಜೇಬು ಕತ್ತರಿಸಿದರಂತೆ, ಪೊಲೀಸರ ಮೇಲೆ ಉಚ್ಚೆ ಹೊಯ್ದರಂತೆ, ಬಾಯಿಗೆ ಬಾಯಿಟ್ಟು ಉಸಿರು ಕೊಡುತ್ತಿದ್ದ ಪೇದೆಗೆ ಹೊಡೆದರಂತೆ. ಪೊಲೀಸರ ಕಡೆಯಿಂದ, ಒಬ್ಬ ಸಂಸದರ ಬಾಯಿಂದ ಬಂದ ಮಾತುಗಳಿವು. ಸಂಪಾದಕ ಕೆಲ್ವಿನ್ ಮೆಕೆಂಜಿ ಇವನ್ನೇ ‘ಸತ್ಯ’ ಅಂತ ಅಚ್ಚು ಹಾಕಿಸಿದರು. ಹೆಣಗಳು ಮಣ್ಣಾಗುವ ಮೊದಲೇ!

ಲಿವರ್‌ಪೂಲ್ ಊರು ಸುಮ್ನಿರಲಿಲ್ಲ. ಜನ ಬೀದಿಯಲ್ಲಿ ಪತ್ರಿಕೆ ಸುಟ್ಟರು. ಅಂಗಡಿಯವರು ತರಿಸುವುದನ್ನೇ ಬಿಟ್ಟರು. ಪೇಪರ್ ಮಾರಿ ಹೊಟ್ಟೆ ಹೊರೆಯುವವನು ಗಿರಾಕಿ ಇರುವ ಪೇಪರನ್ನು ಬೇಡ ಅನ್ನುವುದು ಸಣ್ಣ ಮಾತಲ್ಲ ಅಲ್ವಾ?

2012ರಲ್ಲಿ ಈ ದುರಂತದ ಬಗ್ಗೆ ಸ್ವತಂತ್ರ ಸಮಿತಿಯ ವರದಿ ಬಂತು. ಪೊಲೀಸರ 164 ಹೇಳಿಕೆಗಳನ್ನು ತಿದ್ದಿದ್ದು ಬಯಲಾಯಿತು. ಆಗ ಸನ್ ಮುಖಪುಟದಲ್ಲೇ ಕ್ಷಮೆ ಕೇಳಿತು, 23 ವರ್ಷ ತಡವಾಗಿ. ಊರು ಕರಗಲಿಲ್ಲ. ಕರಗಬೇಕಾಗಿಯೂ ಇರಲಿಲ್ಲ ಅನ್ನುವವನು ನಾನು. ದೇಶದ ಉಳಿದ ಕಡೆ ಜನ ಕೊಳ್ಳುತ್ತಲೇ ಇದ್ದರು, ಅದನ್ನೂ ಮುಚ್ಚಿಡಬೇಕಿಲ್ಲ. ಆದರೆ 2017ರಲ್ಲಿ ಲಿವರ್‌ಪೂಲ್ ಕ್ಲಬ್ಬು, ಅದೇ ಊರಿನ ಅದರ ಬದ್ಧ ಎದುರಾಳಿ ಎವರ್ಟನ್ ಎರಡೂ ಸನ್ ವರದಿಗಾರರನ್ನು ಒಳಗೆ ಬಿಡುವುದಿಲ್ಲ ಎಂದವು.